ಮನೆ ಬಾಗಿಲಿಗೆ ಬರುವ ಸೇಲ್ಸ್‌ನವರನ್ನು ಜಗಳ ಆಡದೆ ಕಳಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ಹಗಲು ಹೊತ್ತು ನೀವು ಮತ್ತು ಅತ್ತೆ ಇಬ್ಬರೇ. ವಾಟರ್ ಫಿಲ್ಟರ್, ಪಾತ್ರೆ ಸೆಟ್ಟು, ಮಸಾಜ್ ಮಷಿನ್ ಅಂತ ಯಾರಾದರೂ ಬರುತ್ತಲೇ ಇರುತ್ತಾರೆ. ಬೇಡ ಅಂದರೂ ಕದಲುವುದಿಲ್ಲ. ನೀವು ಬೇಡ ಅನ್ನುವಷ್ಟರಲ್ಲಿ ಅತ್ತೆ 'ಪಾಪ, ಬಿಸಿಲಲ್ಲಿ ಬಂದಿದಾರೆ' ಅಂತ ಒಳಗೆ ಕರೆದು ಕೂರಿಸುತ್ತಾರೆ. ಹೋದ ವಾರ ಒಂದು ಫಿಲ್ಟರಿಗೆ 2000 ರೂಪಾಯಿ ಮುಂಗಡವನ್ನೂ ಕೊಟ್ಟುಬಿಟ್ಟರು. ಯಾರಿಗೂ ಬೇಜಾರಾಗದ ಹಾಗೆ ಇದನ್ನು ನಿಲ್ಲಿಸೋದು ಹೇಗೆ ಅಂತ ಕೇಳಿದ್ದೀರಿ.

ಯಾರಿಗೂ ಬೇಜಾರಾಗದ ಹಾಗೆ ಆಗಲ್ಲ. ಸೇಲ್ಸ್‌ನವನಿಗೆ ಸ್ವಲ್ಪ ಬೇಜಾರಾಗುತ್ತದೆ, ಆಗಲಿ ಬಿಡಿ. ಅತ್ತೆಗೆ ಆಗದ ಹಾಗೆ ನೋಡಿಕೊಳ್ಳಬಹುದು.

ನನ್ನ ತವರು ತೀರ್ಥಹಳ್ಳಿ ಕಡೆಯ ಒಂಟಿ ಮನೆ, ಈಗ ಇರೋದು ಗೋಪಾಳದಲ್ಲಿ. ಎರಡೂ ಕಡೆ ನೋಡಿ ಹೇಳೋದಾದರೆ, ನಾವು ಮಲೆನಾಡಿನವರು ಸಿಕ್ಕಿಬೀಳೋದು ಉಪಚಾರದಲ್ಲಿ. ದಣಪೆ ದಾಟಿ ಯಾರು ಬಂದರೂ ಮೊದಲು ನೀರು ಬೆಲ್ಲ, ಆಮೇಲೆ 'ಯಾವೂರಾಯ್ತು?' ಅಂತ ಕೇಳೋದು. ಬಳೆಗಾರ, ಕಂಬಳಿಯವನು ಬಂದರೆ ಜಗಲಿಯಲ್ಲೇ ಊಟವೂ ಆಗುತ್ತಿತ್ತು. ಆದರೆ ಅವರು ಮುಂದಿನ ವರ್ಷ ಮತ್ತೆ ಅದೇ ಜಗಲಿಗೆ ಬರಬೇಕಿತ್ತು. ಕಂಬಳಿ ಬೇಗ ಹರಿದರೆ ಅಜ್ಜಿ ಅವನ ಮುಖಕ್ಕೇ ಹಿಡಿದು ಕೇಳುತ್ತಿದ್ದರು. ಇವತ್ತು ಟೈ ಕಟ್ಟಿಕೊಂಡು ಬರುವ ಹುಡುಗ ನಾಳೆ ಯಾವ ಊರಲ್ಲಿರುತ್ತಾನೋ ಅವನಿಗೇ ಗೊತ್ತಿಲ್ಲ. ಅತ್ತೆಯವರ ಮನಸ್ಸಿನಲ್ಲಿ ಇಬ್ಬರೂ ಒಂದೇ. ಅದು ಅವರ ತಪ್ಪಲ್ಲ.

ಹಾಗಾಗಿ ನೀರು ಕೊಡೋದನ್ನು ನಿಲ್ಲಿಸಬೇಡಿ. ಕೊಡುವ ಜಾಗ ಮಾತ್ರ ಬದಲಾಗಲಿ. ಗ್ರಿಲ್ ಬಾಗಿಲ ಹೊರಗೆ, ಮೆಟ್ಟಿಲ ಹತ್ತಿರ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಡಿ. 'ಕೂತ್ಕೊಳ್ಳಿ, ನೀರು ತರ್ತೀನಿ' ಅನ್ನಿ. ಅತ್ತೆಯವರಿಗೂ ಸಮಾಧಾನ, ನಿಮಗೂ ಕ್ಷೇಮ. ಒಳಗೆ ಬಂದು ಸೋಫಾದ ಮೇಲೆ ಕೂತನೋ, ಮುಗಿಯಿತು. ಬ್ಯಾಗ್ ಬಿಚ್ಚಿ ಟೀಪಾಯ್ ತುಂಬ ಸಾಮಾನು ಹರವುತ್ತಾನೆ. ಅಷ್ಟೆಲ್ಲ ತೆಗೆದವನನ್ನು ವಾಪಸ್ ತುಂಬಿಕೊಂಡು ಹೋಗು ಅನ್ನೋಕೆ ನಮಗೇ ಸಂಕೋಚ ಆಗುತ್ತದೆ. ಅವನು ಹರವೋದೇ ಅದಕ್ಕೆ.

ಇನ್ನು ಬೇಡ ಅನ್ನುವ ರೀತಿ. ಇದರಲ್ಲೇ ಎಲ್ಲರೂ ಸೋಲೋದು. ಬೇಡ ಅನ್ನಿ, ಕಾರಣ ಮಾತ್ರ ಕೊಡಬೇಡಿ.

'ಈಗ ದುಡ್ಡಿಲ್ಲ' ಅಂದರೆ, 'ಇಎಂಐ ಇದೆ ಮೇಡಂ, ಇವತ್ತು ಬರೀ ಐನೂರು ಕೊಡಿ ಸಾಕು.'

'ನಮ್ಮನೇಲಿ ಒಂದು ಇದೆ' ಅಂದರೆ, 'ಎಷ್ಟು ವರ್ಷ ಆಯ್ತು? ಎಕ್ಸ್‌ಚೇಂಜ್ ಮಾಡಿಕೊಡ್ತೀವಿ.'

'ಆಮೇಲೆ ನೋಡೋಣ' ಅಂದರೆ, 'ಈ ಆಫರ್ ನಿಮ್ಮ ಬೀದಿಗೆ ಇವತ್ತು ಒಂದೇ ದಿನ.'

'ಯಜಮಾನರನ್ನು ಕೇಳಬೇಕು' ಅನ್ನೋದಂತೂ ಬೇಡವೇ ಬೇಡ. ನಮ್ಮ ಕಡೆ ಹೆಂಗಸರ ಬಾಯಲ್ಲಿ ಮೊದಲು ಬರೋದೇ ಆ ಮಾತು. ಮನೆಯಲ್ಲಿ ಗಂಡಸರಿಲ್ಲ ಅಂತ ಗೊತ್ತಿಲ್ಲದವನಿಗೆ ನಾವೇ ಹೇಳಿಕೊಟ್ಟ ಹಾಗಾಯಿತು. 'ಎಷ್ಟು ಗಂಟೆಗೆ ಬರ್ತಾರೆ?' ಅಂತ ಕೇಳಿ, ಸಂಜೆ ಮತ್ತೆ ಬಂದು ಬೆಲ್ ಮಾಡುತ್ತಾನೆ, ಅಷ್ಟೇ.

ಇಂಥ ಪ್ರತಿಯೊಂದು ಕಾರಣಕ್ಕೂ ಅವರಿಗೆ ಉತ್ತರ ಬಾಯಿಪಾಠ ಮಾಡಿಸಿರುತ್ತಾರೆ. ಕಾರಣವೇ ಇಲ್ಲದ 'ಬೇಡ'ಕ್ಕೆ ಪಾಠದಲ್ಲಿ ಉತ್ತರ ಇರೋದಿಲ್ಲ. ನಾನು ಹೇಳೋದು ಇಷ್ಟೇ: 'ನಾವು ಬಾಗಿಲಿಗೆ ಬಂದದ್ದನ್ನ ತಗೊಳ್ಳಲ್ಲ. ಮುಂದಿನ ಮನೆ ನೋಡಿ.' ಯಾಕೆ ಮೇಡಂ ಅಂದರೂ ಅದೇ ಮಾತು, ಅದೇ ದನಿಯಲ್ಲಿ. ಕೋಪ ಬೇಡ, ನಗುವೂ ಬೇಡ. ಎರಡನೇ ಸಲ ಹೇಳಿ ಬಾಗಿಲು ಹಾಕಿಬಿಡಿ. ಮಾತಾಡುತ್ತಿರುವವರ ಮುಖದ ಮೇಲೆ ಬಾಗಿಲು ಹಾಕೋದು ನಮಗೆ ಕಷ್ಟ ಅಂತ ಗೊತ್ತು. ಆದರೆ ಬೇಡ ಅಂದ ಮೇಲೂ ನಿಂತಿರೋದು ಅವನು, ಅಲ್ವಾ?

ಅತ್ತೆಯವರಿಗೂ ಇದೇ ಮಾತನ್ನು ಕೊಡಿ. 'ನೀವು ಯಾರನ್ನೂ ಒಳಗೆ ಬಿಡಬೇಡಿ' ಅಂದರೆ ಅವರಿಗೆ ತಮ್ಮ ಮನೆಯಲ್ಲೇ ತಮಗೆ ಅಧಿಕಾರ ಇಲ್ಲ ಅನ್ನಿಸುತ್ತದೆ. 'ಅತ್ತೆ, ಈ ಸೇಲ್ಸ್‌ನವರನ್ನ ಕಳ್ಸೋಕೆ ನನಗೆ ಆಗ್ತಿಲ್ಲ, ನೀವೇ ಹೇಳಿ ಕಳ್ಸಿ, ನಿಮ್ಮ ಮಾತಾದರೆ ಕೇಳ್ತಾರೆ' ಅಂತ ಅವರ ಕೈಗೇ ಒಪ್ಪಿಸಿ. ನನ್ನ ಅತ್ತೆ ಈಗ ಎಷ್ಟು ಗಟ್ಟಿಯಾಗಿ ಹೇಳುತ್ತಾರೆ ಅಂದರೆ, ಪಕ್ಕದ ಮನೆಯವರೂ ಅವರನ್ನೇ ಕರೆಯುತ್ತಾರೆ.

ಫಿಲ್ಟರ್ ಅಂದಿರಲ್ಲ, ಅದರ ಆಟ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಹುಶಃ ನಿಮ್ಮ ಮನೆಯಲ್ಲೂ ಇದೇ ಆಗಿರುತ್ತದೆ. ಎರಡು ಗಾಜಿನ ಲೋಟ ಕೇಳುತ್ತಾರೆ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಬಾಟಲಿಯ ಫಿಲ್ಟರ್ ನೀರು. ಬ್ಯಾಗಿನಿಂದ ನಾಲ್ಕು ಕಡ್ಡಿ ಇರುವ ಒಂದು ಸಣ್ಣ ಡಬ್ಬಿ ಹೊರಗೆ ಬರುತ್ತದೆ. ಎರಡೆರಡು ಕಡ್ಡಿ ಒಂದೊಂದು ಲೋಟಕ್ಕೆ ಇಳಿಸಿ ಪ್ಲಗ್ ಹಾಕುತ್ತಾರೆ. ನೋಡನೋಡುತ್ತಿದ್ದ ಹಾಗೆ ನಮ್ಮ ನೀರು ಹಳದಿಯಾಗಿ, ಕಂದಾಗಿ, ಮೇಲೆಲ್ಲ ಕೊಚ್ಚೆಯಂಥ ನೊರೆ ಕಟ್ಟುತ್ತದೆ. ಅವರ ನೀರು ಹಾಗೇ ತಿಳಿಯಾಗಿರುತ್ತದೆ. 'ನೋಡಿ ಅಮ್ಮ, ದಿನಾ ಇದನ್ನೇ ಮೊಮ್ಮಕ್ಕಳಿಗೆ ಕುಡಿಸ್ತಿದೀರ' ಅಂದಾಗ ಯಾವ ಅಜ್ಜಿಯ ಕೈ ಪರ್ಸಿಗೆ ಹೋಗಲ್ಲ ಹೇಳಿ?

ಆ ಕೊಚ್ಚೆ ನೀರಿನದಲ್ಲ, ಕಡ್ಡಿಯದು. ಪ್ರತಿ ಲೋಟದಲ್ಲೂ ಒಂದು ಕಬ್ಬಿಣದ ಕಡ್ಡಿ, ಒಂದು ಅಲ್ಯೂಮಿನಿಯಂ ಕಡ್ಡಿ ಇರುತ್ತದೆ. ನಮ್ಮ ನೀರಿನಲ್ಲಿ ಲವಣ ಇರೋದರಿಂದ ಕರೆಂಟ್ ಹರಿಯುತ್ತದೆ, ಹರಿದಾಗ ಕಬ್ಬಿಣ ಬಿಟ್ಟುಕೊಂಡು ತುಕ್ಕಾಗುತ್ತದೆ. ಅವರ ಬಾಟಲಿಯದು ಆರ್‌ಒ, ಅಂದರೆ ಲವಣ ತೆಗೆಯುವ ಫಿಲ್ಟರ್ ನೀರು; ಅದರಲ್ಲಿ ಲವಣವೇ ಹೆಚ್ಚುಕಮ್ಮಿ ಇರಲ್ಲ, ಕರೆಂಟ್ ಹರಿಯಲ್ಲ, ಬಣ್ಣವೂ ಬರಲ್ಲ. ಅನುಮಾನ ಇದ್ದರೆ ಅವರ ತಿಳಿನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ತೋರಿಸಿ ಅನ್ನಿ. ಅದೂ ಕೊಚ್ಚೆಯಾಗುತ್ತದೆ. ನಮ್ಮನೆಗೆ ಬಂದವನಿಗೆ ಉಪ್ಪಿನ ಡಬ್ಬಿ ತಂದುಕೊಟ್ಟೆ. ಡಬ್ಬಿಯ ಕಡೆ ನೋಡಿ, ವೈರ್ ಸುತ್ತಿಕೊಂಡು ಎದ್ದ. (ನೀವಾಗಿ ಮಾಡೋಕೆ ಹೋಗಬೇಡಿ, ಅದು ಮನೆಯ ಕರೆಂಟಿಗೇ ಹಾಕುವ ಸಾಧನ. ಶಾಕ್ ಹೊಡೆದೀತು.)

ಟಿಡಿಎಸ್ ಮೀಟರೂ ಅಷ್ಟೇ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಂದಾಜು ತೋರಿಸುತ್ತದೆಯೇ ಹೊರತು ರೋಗಾಣು ಇದೆಯಾ ಇಲ್ಲವಾ ಅಂತ ಹೇಳಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಕುಡಿಯೋಕೆ ಏನೂ ಅಡ್ಡಿಯಿಲ್ಲ. ನಮ್ಮ ಮಲೆನಾಡಿನ ಹೊಳೆ, ಬಾವಿ ನೀರು ಸಾಮಾನ್ಯವಾಗಿ ಮೆದು. ತವರಿನ ಬಾವಿ ನೀರು ಒಬ್ಬ ಸೇಲ್ಸ್‌ನವನ ಮೀಟರಿನಲ್ಲೇ ನೂರರ ಒಳಗೆ ತೋರಿಸಿತು. 'ಗಂಗಾ ಸ್ನಾನ, ತುಂಗಾ ಪಾನ' ಅಂತ ಸುಮ್ನೆ ಹೇಳಿಲ್ಲ ಹಿರಿಯರು. ಹಾಗಂತ ಮಳೆಗಾಲದ ಕೆಂಪು ನೀರನ್ನು ಹಾಗೇ ಕುಡಿಯಿರಿ ಅಂತಲ್ಲ. ಅದನ್ನು ಸೋಸಿ, ಕುದಿಸಬೇಕು. ಬೋರ್‌ವೆಲ್ ನೀರು ಗಡಸಾಗಿದ್ದು ಆರ್‌ಒ ಬೇಕು ಅನ್ನಿಸಿದರೆ ನೆಹರೂ ರಸ್ತೆಯಲ್ಲಿ ಅಂಗಡಿಗಳಿವೆ, ನಾಲ್ಕು ನೋಡಿ ಬೆಲೆ ಕೇಳಿ ತಗೊಳ್ಳಿ. ಕೆಟ್ಟರೆ ಹೋಗಿ ಕೇಳೋಕೆ ಒಂದು ಬಾಗಿಲಾದರೂ ಇರುತ್ತದೆ.

ಸ್ಕ್ರ್ಯಾಚ್ ಕಾರ್ಡ್ ಕೊಟ್ಟು 'ನಿಮಗೆ ಬಹುಮಾನ ಬಂದಿದೆ, ತೆರಿಗೆ ಮಾತ್ರ ಕಟ್ಟಿ' ಅನ್ನುವವರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಗೀರಬೇಡಿ, ಅಷ್ಟೇ.

ಊರ ಕಡೆ ಇದರದ್ದೇ ಇನ್ನೊಂದು ರೂಪ ಇದೆ. ನಿಮ್ಮವರದ್ದೂ ಅಡಿಕೆ ತೋಟ ಇದ್ದರೆ ಹೇಳಿಡಿ. ಅಡಿಕೆ ಸುಲಿದು ಮಂಡಿಗೆ ಹಾಕಿ ನಾಲ್ಕು ಕಾಸು ಕೈಗೆ ಬರುವ ಹೊತ್ತಿಗೆ ಬೈಕಿನಲ್ಲಿ ಔಷಧಿಯವರು ಬರುತ್ತಾರೆ. 'ಒಂದೇ ಸ್ಪ್ರೇ, ಎಲೆಚುಕ್ಕೆ ಮಾಯ.' ಎಲೆಚುಕ್ಕೆ ರೋಗದಿಂದ ತೋಟ ಒಣಗೋದನ್ನು ನೋಡಿದವರಿಗೆ ಆ ಬಾಟಲಿ ಬೇಡ ಅನ್ನೋಕೆ ಮನಸ್ಸೇ ಬರಲ್ಲ. ಕೀಟನಾಶಕ, ರೋಗನಾಶಕ ಯಾವುದೇ ಆದರೂ 1968ರ ಕಾಯ್ದೆ ಪ್ರಕಾರ ಲೇಬಲ್ ಮೇಲೆ ನೋಂದಣಿ ಸಂಖ್ಯೆ ಇರಬೇಕು, ಮಾರುವವನಿಗೆ ಲೈಸೆನ್ಸ್ ಇರಬೇಕು. ಎರಡನ್ನೂ ಕೇಳಿ. ಲೇಬಲ್ಲಿನ ಫೋಟೋ ತೆಗೆದುಕೊಂಡು ತೋಟಗಾರಿಕೆ ಇಲಾಖೆಯವರಿಗೆ ತೋರಿಸ್ತೀನಿ ಅಂದರೆ ಬಹಳ ಜನ ಅಲ್ಲಿಗೇ ಬೈಕ್ ತಿರುಗಿಸುತ್ತಾರೆ. ಕೊಳೆರೋಗಕ್ಕೆ ಅಪ್ಪ ಈಗಲೂ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನೇ ಹೊಡೆಸೋದು.

ಇಬ್ಬರಿಗೆ ಮಾತ್ರ ನೀರೂ ಬೇಡ, ಸ್ಟೂಲೂ ಬೇಡ. ಒಂದು, ಚಿನ್ನ ಪಾಲಿಶ್ ಮಾಡ್ತೀವಿ ಅನ್ನುವವರು. ಮೊದಲು ಹಿತ್ತಾಳೆ ದೀಪ ತೊಳೆದು ಫಳಫಳ ಮಾಡಿ ನಂಬಿಸುತ್ತಾರೆ, ಆಮೇಲೆ ಸರ ಕೇಳುತ್ತಾರೆ. ಚಿನ್ನವನ್ನೂ ಕರಗಿಸುವ ಆಸಿಡ್ ಇದೆ. ಸರ ಹೊಳೆಯುತ್ತಾ ವಾಪಸ್ ಬರುತ್ತದೆ, ತೂಕ ಮಾತ್ರ ಕಡಿಮೆ ಆಗಿರುತ್ತದೆ. ಇನ್ನೊಂದು, ಗ್ಯಾಸ್ ಚೆಕ್ ಮಾಡೋಕೆ ಬಂದಿದೀವಿ ಅಂತ ನೇರ ಅಡುಗೆಮನೆಗೆ ನುಗ್ಗಿ ಪೈಪು ಬದಲಾಯಿಸಿ ದುಡ್ಡು ಕೇಳುವವರು. ಏಜೆನ್ಸಿಯಿಂದ ನಿಜವಾಗಿಯೂ ಬರುವವರು ಇದ್ದಾರೆ, ಆದರೆ ಗ್ಯಾಸ್ ಪುಸ್ತಕದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿದ ಮೇಲೆ ಬಾಗಿಲು ತೆಗೆಯಿರಿ. ಬಂದವನು ಕೊಟ್ಟ ನಂಬರಿಗಲ್ಲ. ಯಾರಾದರೂ ಗೇಟ್ ಬಿಟ್ಟು ಹೋಗದೆ ಹೆದರಿಸುವ ಧಾಟಿಯಲ್ಲಿ ಮಾತಾಡಿದರೆ 112ಕ್ಕೆ ಫೋನ್ ಮಾಡಿ, ಸಂಕೋಚ ಬೇಡ.

ಸೇಲ್ಸ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಜನಕ್ಕೆ ಸರಿಯಾದ ಸಂಬಳವೇ ಇರಲ್ಲ, ಮಾರಿದರೆ ಕಮಿಷನ್, ಇಲ್ಲದಿದ್ದರೆ ಬಸ್ ಚಾರ್ಜೂ ಕೈಯಿಂದಲೇ. ಆದರೆ ಕನಿಕರಕ್ಕೆ ಹದಿನೈದು ಸಾವಿರದ ಮಷಿನ್ ಕೊಳ್ಳೋಕಾಗಲ್ಲ. ಅಷ್ಟು ಪಾಪ ಅನ್ನಿಸಿದರೆ ಒಂದು ಲೋಟ ಮಜ್ಜಿಗೆ ಕೊಡಿ.

ಕಾನೂನು ಏನು ಹೇಳುತ್ತದೆ ಅಂತಲೂ ಗೊತ್ತಿರಲಿ. ನೇರ ಮಾರಾಟದ, ಅಂದರೆ ಅಂಗಡಿ ಇಲ್ಲದೆ ಏಜೆಂಟರ ಮೂಲಕ ಮಾರುವ ಕಂಪನಿಗಳಿಗೆ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅವುಗಳ ಪರವಾಗಿ ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳಿ ಒಪ್ಪಿಗೆ ಪಡೆಯದೆ ಮನೆಗೆ ಬರುವ ಹಾಗಿಲ್ಲ. ತಾವು ಯಾರು, ಯಾವ ಕಂಪನಿ, ಏನು ಮಾರುತ್ತಿದ್ದೇವೆ ಅಂತ ಮೊದಲೇ ಹೇಳಬೇಕು. 'ಸರ್ವೆಗೆ ಬಂದಿದೀವಿ' ಅಂತ ಶುರು ಮಾಡಿ ಕೊನೆಗೆ ಬ್ಯಾಗ್ ಬಿಚ್ಚೋದು ಆ ನಿಯಮಕ್ಕೆ ವಿರುದ್ಧ. ಇನ್ನು ಬಿಲ್. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರೋದೇ ಒಂದು ತಪ್ಪು. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನೋದೂ ತಪ್ಪು. ಮನೆಗೆ ಬಂದವರಿಂದ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಜೀವ ವಿಮೆ, ಆರೋಗ್ಯ ವಿಮೆ ಮಾಡಿಸಿದ್ದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಮಾಡಬಹುದು.

ಈಗ ನಿಮ್ಮ 2000ದ ವಿಷಯ. ಮಷಿನ್ ಇನ್ನೂ ಬಂದಿಲ್ಲ ಅಂತ ಅಂದುಕೊಳ್ಳುತ್ತೇನೆ. ರಸೀದಿ ಹುಡುಕಿ, ಅದರ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. ರಸೀದಿ ಇಲ್ಲ, ಫೋನ್‌ಪೇ ಮಾಡಿದ್ದು ಅಂದರೆ ಆ ಸ್ಕ್ರೀನಿನ ಫೋಟೋ ಇಟ್ಟುಕೊಳ್ಳಿ. ಆ ನಂಬರಿಗೆ ಫೋನ್ ಮಾಡಬೇಡಿ, ಮತ್ತೆ ಮಾತಿನಲ್ಲಿ ಕಟ್ಟಿಹಾಕುತ್ತಾರೆ. ಬರಹದಲ್ಲೇ ಕಳಿಸಿ: 'ಆರ್ಡರ್ ರದ್ದು ಮಾಡಿದ್ದೇವೆ. ಅಳವಡಿಸಲು ಬರಬೇಡಿ. ಮುಂಗಡ 2000 ರೂಪಾಯಿ ವಾಪಸ್ ಮಾಡಿ.' ಕೆಳಗೆ ಹೆಸರು, ತಾರೀಖು. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ದುಡ್ಡು ಕಾಸು ಏನೂ ಬೇಡ. ಅದಕ್ಕೂ ಬಗ್ಗದಿದ್ದರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದ ತನಕದ ವ್ಯವಹಾರಕ್ಕೆ ಅರ್ಜಿ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಎರಡು ಸಾವಿರಕ್ಕೆ ಅಷ್ಟು ದೂರ ಹೋಗಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು. ನಾನಾದರೆ 1915ರ ತನಕ ಖಂಡಿತ ಹೋಗುತ್ತೇನೆ. ಏನೇ ಆದರೂ ಫಿಟ್ಟಿಂಗ್ ಮಾಡುವವನು ಬಂದರೆ ಡ್ರಿಲ್ ತೆಗೆಯೋಕೆ ಬಿಡಬೇಡಿ. ಮಷಿನ್ ಗೋಡೆಗೆ ಕೂತ ಮೇಲೆ ಬಾಕಿ ದುಡ್ಡಿಗೂ ಅವರೇ ನಿಮ್ಮ ಹಿಂದೆ ಬೀಳುತ್ತಾರೆ. ಹಾಗಾಗಿ ಇದನ್ನು ಓದಿದ ತಕ್ಷಣ ಮೊದಲು ಆ ಮೆಸೇಜ್ ಕಳಿಸಿ.