ಬಾಡಿಗೆಯನ್ನೂ ಕೊಡುತ್ತಿಲ್ಲ, ಮನೆಯನ್ನೂ ಬಿಡುತ್ತಿಲ್ಲ

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾನೊಬ್ಬಳೇ ಇದ್ದೇನೆ. ಮೇಲಿನ ಮನೆಯನ್ನು ನಮ್ಮ ಯಜಮಾನರು ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆ 16,000, ಅಡ್ವಾನ್ಸ್ 1,60,000 ರೂಪಾಯಿ. ಅವರು ತೀರಿಕೊಂಡ ಮೇಲೆ ಕರಾರಿನ ಅವಧಿಯೂ ಮುಗಿಯಿತು. ಹೊಸದು ಬರೆಸಲಿಲ್ಲ, ಬಾಡಿಗೆ ಮಾತ್ರ ನನ್ನ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಐದು ತಿಂಗಳಿಂದ ಅದೂ ನಿಂತಿದೆ. ಕೇಳಿದರೆ ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಆಂಟಿ’ ಎನ್ನುತ್ತಾರೆ. ಮಗ ಅಮೆರಿಕದಲ್ಲಿದ್ದಾನೆ, ಮಗಳು ಶಿವಮೊಗ್ಗದಲ್ಲಿ. ಫ್ಯೂಸ್ ಕಿತ್ತು, ನೀರಿನ ವಾಲ್ವ್ ತಿರುಗಿಸಿದರೆ ವಾರದಲ್ಲಿ ಹೋಗುತ್ತಾರೆ ಎಂದು ನನ್ನ ತಮ್ಮ ಹೇಳುತ್ತಾನೆ. ಏನು ಮಾಡಲಿ, ಮೇಡಂ?
— ಹೆಸರು ಬೇಡ, ಬೆಂಗಳೂರು

ಉತ್ತರ: ಅಮ್ಮಾ, ಮೊದಲು ನಿಮ್ಮ ತಮ್ಮನವರನ್ನು ಫ್ಯೂಸ್ ಪೆಟ್ಟಿಗೆಯಿಂದ ದೂರವಿಡಿ. ಬಾಡಿಗೆ ಬಾಕಿ ಇಟ್ಟುಕೊಂಡವರು ಇವತ್ತು ತಪ್ಪಿತಸ್ಥರು. ನೀವು ನೀರು, ಕರೆಂಟು ನಿಲ್ಲಿಸಿದ ಮರುದಿನ ಅವರೇ ನೊಂದವರಾಗಿ ತಡೆಯಾಜ್ಞೆ ತರುತ್ತಾರೆ. ಅವರು ಊರಿಗೆ ಹೋದಾಗ ಬೀಗ ಬದಲಾಯಿಸಿದರಂತೂ ಮುಗಿಯಿತು: ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಕಾನೂನು ಕ್ರಮವಿಲ್ಲದೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯಬಹುದು. ಮನೆ ನಿಮ್ಮದೇ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ. ಪೊಲೀಸ್ ಠಾಣೆಯಲ್ಲಿ ‘ಮಾತಾಡಿಸಿ’ ಬಿಡಿಸುತ್ತೇವೆ ಎನ್ನುವವರೂ ಬರುತ್ತಾರೆ. ಇದು ಸಿವಿಲ್ ವ್ಯವಹಾರ. ಅವರಿಗೆ ಕೊಡುವ ದುಡ್ಡನ್ನು ಒಳ್ಳೆಯ ವಕೀಲರಿಗೆ ಕೊಡಿ.

ಈಗ ನಿಮಗೆ ಧೈರ್ಯ ತರುವ ಸಂಗತಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಮನೆ ನಿಮಗೆ ಏಕೆ ಬೇಕು, ಎಷ್ಟು ಜರೂರು ಎಂದು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ. ನಿಮಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತಾ ಬಂದಿರುವುದರಿಂದ ನಿಮ್ಮದು ತಿಂಗಳ ಬಾಡಿಗೆದಾರಿಕೆ ಆಗಿದೆ. 106ನೇ ಕಲಂ ಪ್ರಕಾರ ಹದಿನೈದು ದಿನಗಳ ಲಿಖಿತ ನೋಟಿಸಿನಿಂದ ಅದನ್ನು ಕೊನೆಗೊಳಿಸಬಹುದು. ಆ ಹದಿನೈದು ದಿನ ಬಾಡಿಗೆ ತಿಂಗಳ ಕೊನೆಗೇ ಸರಿಯಾಗಿ ಮುಗಿಯಬೇಕೆಂಬ ಹಳೆಯ ಕಟ್ಟಳೆ 2002ರ ತಿದ್ದುಪಡಿಯಲ್ಲಿ ಹೋಯಿತು. ಅದಕ್ಕೆ ಮೊದಲು ಒಂದು ದಿನದ ಲೆಕ್ಕ ತಪ್ಪಿದ್ದಕ್ಕೇ ಕೇಸುಗಳು ಬಿದ್ದುಹೋಗುತ್ತಿದ್ದವು. ಈಗ ನೋಟಿಸು ಕೈಸೇರಿದ ದಿನದಿಂದ ಎಣಿಕೆ.

ನೋಟಿಸಿನಲ್ಲಿ ಕಥೆ ಬೇಡ, ಬೈಗುಳವಂತೂ ಬೇಡವೇ ಬೇಡ. ಮನೆಯ ವಿವರ, ಬಾಡಿಗೆ ಎಷ್ಟು, ಯಾವ ತಿಂಗಳಿಂದ ಬಾಕಿ, ಬಾಡಿಗೆದಾರಿಕೆ ಇಲ್ಲಿಗೆ ಕೊನೆಗೊಂಡಿದೆ, ಹದಿನೈದು ದಿನಗಳಲ್ಲಿ ಖಾಲಿ ಮಾಡಿ ಸ್ವಾಧೀನ ಕೊಡಿ, ಇಷ್ಟು ಸಾಕು. ‘ಬಾಕಿ ಕಟ್ಟದಿದ್ದರೆ ಖಾಲಿ ಮಾಡಿ’ ಎಂದು ಬರೆಯಬೇಡಿ. ಬಾಕಿ ಕಟ್ಟಿ ಅಲ್ಲೇ ಉಳಿಯಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ, ನೋಂದಣಿ ಸೌಲಭ್ಯವನ್ನೂ ತಲುಪಿದ್ದಕ್ಕೆ ದಾಖಲೆಯನ್ನೂ ಕೇಳಿ ಕಳುಹಿಸಿ. ಮೇಲಿನ ಮನೆಯಲ್ಲಿ ಟಿವಿ ಕೇಳುತ್ತಿರುವಾಗಲೇ ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬರಬಹುದು. ಅದನ್ನು ಒಡೆಯದೆ ಹಾಗೆಯೇ ಎತ್ತಿಡಿ. ವಿಳಾಸ ಸರಿಯಿದ್ದರೆ ತಲುಪಿದೆ ಎಂದೇ ಕಾನೂನು ಊಹಿಸುತ್ತದೆ. ಮನೆಯವರ ಕೈಗೆ ಖುದ್ದಾಗಿಯೂ ಕೊಡಬಹುದು. ಯಾವುದೂ ಸಾಧ್ಯವಾಗದಿದ್ದರೆ ಬಾಗಿಲ ಮೇಲೆ ಅಂಟಿಸಿ ಫೋಟೊ ತೆಗೆದಿಡಿ.

ಕರಾರು ಯಜಮಾನರ ಹೆಸರಿನಲ್ಲಿದೆ ಎಂಬ ಅಳುಕು ನಿಮಗಿರಬಹುದು. ಮನೆ ಅವರ ಹೆಸರಿನಲ್ಲೇ ಇದ್ದು, ವಿಲ್ ಏನೂ ಬರೆದಿಲ್ಲವಾದರೆ ನೀವೂ ಮಕ್ಕಳೂ ಈಗ ಸಹಮಾಲೀಕರು. ಉಳಿದವರ ಆಕ್ಷೇಪಣೆ ಇಲ್ಲದಿದ್ದರೆ ಸಹಮಾಲೀಕರಲ್ಲಿ ಒಬ್ಬರೇ ತೆರವಿನ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಮಗ ಸಹಿ ಹಾಕಲು ವಿಮಾನ ಹತ್ತಬೇಕಾಗಿಲ್ಲ. ಮೇಲಿನವರು ನಿಮ್ಮ ಖಾತೆಗೇ ಬಾಡಿಗೆ ಕಟ್ಟುತ್ತಿದ್ದರಲ್ಲ, ಆ ಬ್ಯಾಂಕ್ ವಿವರಪಟ್ಟಿ ನಿಮ್ಮ ಕೈಯಲ್ಲಿರುವ ಗಟ್ಟಿ ದಾಖಲೆ.

ನೋಟಿಸಿನ ಗಡುವು ಮುಗಿದ ಮೇಲೆ ಅವರು ಥಟ್ಟನೆ ಒಂದು ತಿಂಗಳ ಬಾಡಿಗೆ ಹಾಕುತ್ತಾರೆ. ಇದು ಹಳೆಯ ವರಸೆ: ನೀವು ಬಾಡಿಗೆ ಪಡೆದಿರಿ, ನೋಟಿಸು ರದ್ದಾಯಿತು ಎಂಬ ವಾದಕ್ಕೆ ಪೀಠಿಕೆ. ಬರೀ ಹಣ ಪಡೆದ ಮಾತ್ರಕ್ಕೆ ಹಾಗಾಗುವುದಿಲ್ಲ. ಆದರೂ ‘ಇದನ್ನು ಅನಧಿಕೃತ ವಾಸದ ಪರಿಹಾರವಾಗಿ ಜಮಾ ಮಾಡಿಕೊಂಡಿದ್ದೇನೆ, ನೋಟಿಸು ಹಾಗೆಯೇ ಇದೆ’ ಎಂದು ಆ ದಿನವೇ ವಾಟ್ಸಾಪಿನಲ್ಲಾದರೂ ಬರೆದು ಕಳುಹಿಸಿ.

ದಾವೆ ಹೂಡುವುದು ಬೆಂಗಳೂರಿನ ಸ್ಮಾಲ್ ಕಾಸಸ್ ನ್ಯಾಯಾಲಯದಲ್ಲಿ. ಕೋರ್ಟ್ ಶುಲ್ಕಕ್ಕೆ ಒಂದು ವರ್ಷದ ಬಾಡಿಗೆಯೇ ಆಧಾರ, ಮನೆಯ ಬೆಲೆಯಲ್ಲ. ಮನೆ ಬಿಡಬೇಕೆಂದು ಡಿಕ್ರಿಯಾದ ಮೇಲೂ ಬಿಡದಿದ್ದರೆ ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ, ಆಮೇಲೆ ಬಾಗಿಲಿಗೆ ಕೋರ್ಟಿನ ಅಮೀನರು. ಸಮಯ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅದಕ್ಕೇ ಲೆಕ್ಕ ನೋಡಿ. ಬಾಕಿ 80,000. ಅಡ್ವಾನ್ಸಿನಲ್ಲಿ ಇನ್ನೂ 80,000 ಉಳಿದಿದೆ. ಐದು ತಿಂಗಳು ಕಳೆದರೆ ಅದೂ ಕರಗಿ, ಅವರನ್ನು ಹೊರಡಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ. ನೋಟಿಸು ತಲುಪಿದ ವಾರದಲ್ಲೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿ: ತಿಂಗಳ ಕೊನೆಗೆ ಖಾಲಿ ಮಾಡಿದರೆ ಬಾಕಿಯಲ್ಲಿ ಒಂದೆರಡು ತಿಂಗಳದ್ದನ್ನು ಬಿಡುತ್ತೇನೆ, ಬಣ್ಣದ ಖರ್ಚನ್ನೂ ಹಿಡಿಯುವುದಿಲ್ಲ. ಅನ್ಯಾಯ ಎನಿಸುತ್ತದೆ, ಹೌದು. ಖಾಲಿ ಮನೆ ಸಿಕ್ಕರೆ ಆ ಮೊತ್ತ ಬೇಗ ಹುಟ್ಟುತ್ತದೆ. ಹಣ ಮಾತ್ರ ಮುಂಚಿತವಾಗಿ ಕೊಡಬೇಡಿ. ಸಾಮಾನು ಕೆಳಗಿಳಿದು, ಮೀಟರ್ ಅಂಕಿ ಬರೆದು, ಕರೆಂಟ್ ಬಿಲ್ ಚುಕ್ತಾ ಆಗಿ, ಎಲ್ಲ ಕೀಲಿಕೈ ಒಪ್ಪಿಸಿದ್ದೇನೆಂಬ ಪತ್ರಕ್ಕೆ ಸಹಿ ಬಿದ್ದ ಮೇಲೆ, ಅಲ್ಲೇ ನಿಂತು ಬ್ಯಾಂಕ್ ಮೂಲಕ ವರ್ಗಾಯಿಸಿ. ಒಪ್ಪದಿದ್ದರೆ ಹದಿನಾರನೆಯ ದಿನ ದಾವೆ.

ಪ್ರಶ್ನೆ: ಯಲಹಂಕದ ನಮ್ಮ ಮನೆಯನ್ನು ಮೂರು ವರ್ಷಕ್ಕೆ 9 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿದ್ದೆವು. ಛಾಪಾ ಕಾಗದದ ಕರಾರು, ನೋಂದಣಿ ಆಗಿಲ್ಲ. ಅವಧಿ ಮುಗಿದಿದೆ. ಈಗ ಖಾಲಿ ಮಾಡಿಸಿ, ಹಣವನ್ನು ನಿಧಾನವಾಗಿ ಕೊಡಬಹುದೇ?
— ಓದುಗರು, ಯಲಹಂಕ

ಉತ್ತರ: ಇಲ್ಲ. ಅವರು ತಿಂಗಳ ಬಾಡಿಗೆ ಉಳಿಸಿಕೊಂಡವರಲ್ಲ. ನಿಮಗೆ 9 ಲಕ್ಷ ಕೊಟ್ಟು ಕುಳಿತವರು. ಹಣ ಸಿದ್ಧವಿಲ್ಲದೆ ನೋಟಿಸು ಕೊಟ್ಟರೆ ವಸೂಲಿ ದಾವೆ ನಿಮ್ಮ ಮೇಲೆಯೇ ಬರುತ್ತದೆ. ಬ್ಯಾಂಕ್ ಸಾಲ ತೆಗೆಯಿರಿ, ಇಲ್ಲವೇ ಹೊಸಬರನ್ನು ಹುಡುಕಿ ಅವರ ಹಣ ನೇರವಾಗಿ ಹಳಬರ ಖಾತೆಗೆ ಹೋಗುವಂತೆ ಮಾಡಿ. ಒಂದು ವರ್ಷ ಮೀರಿದ ಕರಾರಾದರೆ ಈ ಸಲ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಹಣ ಮರಳಿಸುವ ದಿನವೇ ಕೀಲಿಕೈ ಎಂಬ ಸಾಲೂ ಅದರಲ್ಲಿರಲಿ.