ಸಲಾಲಾ ಬೆಟ್ಟದಲ್ಲಿ ಚಿರತೆ ನಿಜವಾಗಿಯೂ ಇದೆಯಾ?

ಪ್ರಶ್ನೆ: ನಮ್ಮೂರು ಕುಂದಾಪುರ, ಕೆಲಸ ಒಮಾನಿನ ಸಲಾಲಾದಲ್ಲಿ. ಇಲ್ಲಿನ ಬೆಟ್ಟಗಳಲ್ಲಿ ಚಿರತೆ ಇದೆ ಅಂತ ಜೊತೆಯವರು ಹೇಳ್ತಾರೆ. ಈ ಒಣ ಕಲ್ಲುಗುಡ್ಡದಲ್ಲಿ ಅದು ಹೇಗೆ ಬದುಕುತ್ತೆ? ರಜೆ ದಿನ ಹೋದರೆ ಕಾಣಿಸುತ್ತಾ?

ಉತ್ತರ: ಇದೆ. ಅದು ಅರೇಬಿಯನ್ ಚಿರತೆ. ಇಡೀ ಪ್ರಪಂಚದ ಕಾಡುಗಳಲ್ಲಿ ಈ ಬಗೆಯವು 200ಕ್ಕಿಂತ ಕಡಿಮೆ ಉಳಿದಿವೆ. ನೀವಿರುವ ಧೋಫಾರ್ ಬೆಟ್ಟಸಾಲಿನಲ್ಲಿ ಸುಮಾರು 50 ಇರಬಹುದು ಅಂತ ಅಂದಾಜು. ಇನ್ನು ಕೆಲವು ಗಡಿಯಾಚೆ ಯೆಮನ್‌ನಲ್ಲಿವೆ.

ನಮ್ಮೂರ ಚಿರತೆಯನ್ನು ಕಣ್ಮುಂದೆ ಇಟ್ಟುಕೊಂಡು ಹುಡುಕಬೇಡಿ. ಇದು ಚಿರತೆಗಳಲ್ಲೇ ಚಿಕ್ಕದು. ಗಂಡು ಸುಮಾರು 30 ಕಿಲೋ, ಹೆಣ್ಣು 20ರ ಆಸುಪಾಸು. ಬಣ್ಣವೂ ತಿಳಿ. ಅಷ್ಟು ಸಣ್ಣ ಮೈಯಾದ್ದರಿಂದಲೇ ಕಡಿಮೆ ಬೇಟೆಯಲ್ಲಿ ಸುಧಾರಿಸಿಕೊಳ್ಳುತ್ತೆ: ಐಬೆಕ್ಸ್ ಕಾಡುಮೇಕೆ ಸಿಕ್ಕರೆ ಹಬ್ಬ, ಇಲ್ಲದಿದ್ದರೆ ಬಂಡೆ ಸಂದಿಯಲ್ಲಿರುವ, ಮೊಲದಷ್ಟು ದೊಡ್ಡ ಹೈರಾಕ್ಸ್, ಮುಳ್ಳುಹಂದಿ, ಕೌಜುಗ, ಸಿಕ್ಕಿದ್ದು.

ನೀರಿನ ವಿಷಯಕ್ಕೆ ಬಂದರೆ, ಕುಂದಾಪುರದಲ್ಲಿ ಸುರಿಯುವ ಅದೇ ನೈಋತ್ಯ ಮುಂಗಾರು ಅಲ್ಲಿಗೂ ತಾಗುತ್ತೆ, ನೀವು ಖರೀಫ್ ಅಂತ ನೋಡ್ತಿದ್ದೀರಲ್ಲ, ಅದೇ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕಡಲ ಕಡೆಯ ಇಳಿಜಾರಿಗೆ ಮಂಜು ಬಂದು ಕೂತುಬಿಡುತ್ತೆ. ದೊಡ್ಡ ಮಳೆಯೇನಲ್ಲ, ಆದರೆ ಮಂಜಿನ ನೀರು ಮರದ ಎಲೆಗೆ ಅಂಟಿ ತೊಟ್ಟಿಕ್ಕಿ ನೆಲಕ್ಕಿಳಿಯುತ್ತೆ. ಮರ ಕಡಿದರೆ ಆ ನೀರೂ ಕಡಿಮೆ. ಬೆಟ್ಟದ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ಬರೀ ಮರಳುಗಾಡು.

ಕಾಣಿಸುತ್ತಾ ಅಂದ್ರೆ, ಆಸೆ ಇಟ್ಟುಕೊಳ್ಳಬೇಡಿ. ವರ್ಷಗಟ್ಟಲೆ ಅಲ್ಲೇ ದುಡಿದವರಿಗೂ ಕಾಣುವುದು ಕ್ಯಾಮೆರಾ ಟ್ರ್ಯಾಪಿನ ಫೋಟೋದಲ್ಲೇ ಜಾಸ್ತಿ. ಜಬಲ್ ಸಮ್ಹಾನ್ ಬೆಟ್ಟದ ಕಡೆ ಚಾಚುಬಂಡೆಯ ಕೆಳಗಿನ ಮಣ್ಣು ನೋಡಿ. ಹಿಂಗಾಲಿನಿಂದ ಕೆರೆದ ಎರಡು ಗೆರೆ, ಗೆರೆಯ ಕೊನೆಯಲ್ಲಿ ಸಣ್ಣ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ಕೂದಲು ತುಂಬಿದ ಒಣ ಹಿಕ್ಕೆ ಇದ್ದರೆ ಅದು ಚಿರತೆಯದ್ದಿರಬಹುದು. ಮುಟ್ಟಬೇಡಿ. ಆ ಹಿಕ್ಕೆಯ ಡಿಎನ್ಎಯಿಂದಲೇ ಯಾವ ಚಿರತೆ, ಗಂಡೋ ಹೆಣ್ಣೋ ಅಂತ ಸಂಶೋಧಕರು ಪತ್ತೆ ಮಾಡೋದು.

ಪ್ರಶ್ನೆ: ಸಾಕಿ ಮರಿ ಮಾಡಿಸಿ ಬೆಟ್ಟಕ್ಕೆ ಬಿಟ್ಟರೆ ಆಯ್ತಲ್ವಾ?

ಉತ್ತರ: ಸಾಕುವುದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಒಮಾನ್, ಶಾರ್ಜಾ, ಸೌದಿಯ ತಾಯಿಫ್‌ನಲ್ಲಿ ಮರಿಗಳು ಹುಟ್ಟುತ್ತಿವೆ. ಸೌದಿಯವರು ಅಲ್‌ಉಲಾದ ಬೆಟ್ಟಗಳಿಗೆ ಇವನ್ನು ಮರಳಿ ತರಲು ತಯಾರಿ ನಡೆಸಿದ್ದಾರೆ. ಆದರೆ ಸುಮ್ನೆ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಒಮಾನಿನಲ್ಲೇ ಉದಾಹರಣೆ ಇದೆ. ಅರೇಬಿಯನ್ ಓರಿಕ್ಸ್ ಅನ್ನೋ ಉದ್ದ ಕೊಂಬಿನ ಬಿಳಿ ಹುಲ್ಲೆ 1972ರಲ್ಲಿ ಕಾಡಿನಿಂದ ಪೂರ್ತಿ ಅಳಿದಿತ್ತು. ಮೃಗಾಲಯದಲ್ಲಿ ಬೆಳೆಸಿದ ಹಿಂಡನ್ನು 1982ರಲ್ಲಿ ಜಿದ್ದತ್ ಅಲ್ ಹರಾಸಿಸ್ ಬಯಲಿಗೆ ಬಿಟ್ಟರು. 1996ರ ಹೊತ್ತಿಗೆ 450 ಆದವು. ಆಮೇಲೆ ಕಳ್ಳಬೇಟೆ ಶುರುವಾಗಿ, ಮರಿ ಮತ್ತು ಹೆಣ್ಣುಗಳನ್ನು ಜೀವಂತ ಹಿಡಿದು ಮಾರಿ, 65ಕ್ಕೆ ಇಳಿಯಿತು. ಸರ್ಕಾರ ಅಭಯಾರಣ್ಯವನ್ನು ಶೇ. 90ರಷ್ಟು ಕಡಿತ ಮಾಡಿತು, 2007ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆದುಹಾಕಿತು. ನನಗೆ ಇಂದಿಗೂ ಬೇಸರ ತರಿಸುವ ಕಥೆ ಅದು.

ಚಿರತೆಗೆ ಬೇಕಾದ್ದು ಐಬೆಕ್ಸ್, ಐಬೆಕ್ಸ್‌ಗೆ ಬೇಕಾದ್ದು ಮೇವು. ಧೋಫಾರಿನಲ್ಲಿ ಒಂಟೆ, ದನ, ಮೇಕೆ ವಿಪರೀತ ಜಾಸ್ತಿಯಾಗಿ ಆ ಮೇವು ತೀರುತ್ತಿದೆ. ಬೇಟೆ ಸಿಗದ ಚಿರತೆ ದೊಡ್ಡಿಗೆ ಬರುತ್ತೆ, ಮೇಕೆ ಕಳೆದುಕೊಂಡವನು ವಿಷ ಇಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಸತ್ತ ಮೇಕೆಯ ದುಡ್ಡು ಬೇಗ ಅವನ ಕೈ ಸೇರಬೇಕು, ರಾತ್ರಿಗೆ ಗಟ್ಟಿ ದೊಡ್ಡಿ ಕಟ್ಟಿಸಿಕೊಡಬೇಕು. ಮರಿ ಮಾಡಿಸಲು ಹಾಕುವ ದುಡ್ಡಿನಷ್ಟೇ ಇದಕ್ಕೂ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ.

ಕುಂದಾಪುರದವರಿಗೆ ಇನ್ನೊಂದು ಮಾತು: ಗುರುತು ಸಿಕ್ಕರೆ ಜಾಗದ ಹೆಸರು ಹಾಕಿ ಫೋಟೋ ಹಂಚಬೇಡಿ, ಅಲ್ಲಿನ ಪರಿಸರ ಪ್ರಾಧಿಕಾರಕ್ಕೆ ತಿಳಿಸಿ.