ದಾವಣಗೆರೆಯಲ್ಲಿ ಹಳೇ ಕಾಂಟೆಸ್ಸಾ ಕಾರನ್ನು ಡ್ರ್ಯಾಗ್ ರೇಸಿಗೆ (ನೇರ ಟ್ರ್ಯಾಕಿನ ವೇಗದ ಓಟ) ರೆಡಿ ಮಾಡ್ತಿದ್ದೀನಿ, ಹಿಂದಿನ ಟೈರ್ ಯಾವುದು ಹಾಕಲಿ?

ಹೈವೇ 48ರಲ್ಲಿ ಓಡಿಸಿಕೊಂಡೇ ರೇಸಿಗೆ ಹೋಗುವುದಾದರೆ ಡ್ರ್ಯಾಗ್ ರೇಡಿಯಲ್ (ರಸ್ತೆಯಲ್ಲೂ ಓಡಿಸಬಹುದಾದ ರೇಸ್ ಟೈರ್) ಹಾಕಿ. ಗಾಡಿಯನ್ನು ಲಾರಿ ಮೇಲೆ ಸಾಗಿಸುವವರಿಗೆ ಮಾತ್ರ ಸ್ಲಿಕ್, ಅಂದರೆ ರೇಸಿಗೆಂದೇ ಇರುವ ನುಣುಪು ಟೈರ್; ಅದರಲ್ಲಿ ನೀರು ಹರಿದುಹೋಗಲು ಗೀರುಗಳೇ ಇಲ್ಲ, ಮಳೆ ಬಂದರೆ ಮುಗಿಯಿತು.

ನಿಮ್ಮದು ಮ್ಯಾನ್ಯುವಲ್ ಗೇರ್ ತಾನೇ? ಕ್ಲಚ್ ದಿಢೀರನೆ ಬಿಟ್ಟಾಗ ಬಯಾಸ್ ಸ್ಲಿಕ್‌ನ (ಒಳಗಿನ ದಾರಗಳು ಓರೆಯಾಗಿರುವ ಸ್ಲಿಕ್) ಪಕ್ಕದ ಗೋಡೆ ಸುಕ್ಕುಗಟ್ಟಿ ಹೊಡೆತ ನುಂಗುತ್ತದೆ. ರೇಡಿಯಲ್ ಒಮ್ಮೆ ಸ್ಪಿನ್ ಆದರೆ ಮತ್ತೆ ಹಿಡಿತಕ್ಕೆ ಬರುವುದು ಕಷ್ಟ, ಕ್ಲಚ್ ನಾಜೂಕಾಗಿ ಬಿಡಬೇಕು.

ಗಾಳಿ ರೇಡಿಯಲ್‌ಗೆ 18, ಸ್ಲಿಕ್‌ಗೆ 14 ಪಿಎಸ್‌ಐನಿಂದ ಶುರುಮಾಡಿ, ಒಂದೊಂದೇ ಇಳಿಸಿ. ಟ್ರ್ಯಾಕ್ ಮೇಲೆ ಟೈರಿನ ಕಪ್ಪು ಗುರುತು ನಡುವೆ ಮಾತ್ರ ಬಿದ್ದರೆ ಗಾಳಿ ಜಾಸ್ತಿ, ಎರಡು ಅಂಚಿಗೆ ಮಾತ್ರ ಬಿದ್ದರೆ ಕಮ್ಮಿ. ನಮ್ಮ ಏಪ್ರಿಲ್ ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಸಿಲು ಬಿದ್ದ ಬದಿಯ ಟೈರ್ ಗಾಳಿ ಹೆಚ್ಚು ತೋರಿಸುತ್ತದೆ, ನೆರಳಲ್ಲಿ ಅಳೆಯಿರಿ.

ಟೈರ್ ಎತ್ತರ ಹೆಚ್ಚಾದಷ್ಟೂ ಪಿಕಪ್ ಸಾಯುತ್ತದೆ, ಮಡ್‌ಗಾರ್ಡ್‌ಗೂ ಉಜ್ಜಬಹುದು.